ಶಿಬುಸಾವಾ ಎಯಿಚಿ

1840-1931. ಜಪಾನಿನ ಹಣಕಾಸು ಆಡಳಿತಗಾರ, ಬ್ಯಾಂಕರ್, ಉದ್ಯಮಿ. ಮೇಜಿ ಸರ್ಕಾರದ ಹಣಕಾಸು ಮಂತ್ರಾಲಯದಲ್ಲಿ ಉನ್ನತ ಹುದ್ದೆಯಲ್ಲಿದ್ದವನು 1873ರಲ್ಲಿ ಅದನ್ನು ಬಿಟ್ಟು ಹೊರಬಂದು, ಆಮೇಲಿನ ನಾಲ್ಕು ದಶಕಗಳಲ್ಲಿ ಬ್ಯಾಂಕು, ಕಾಗದ, ಹತ್ತಿನೂಲು, ಹಡಗು, ವಿಮೆ, ರೈಲ್ವೆ ಮೊದಲಾದ ಕ್ಷೇತ್ರಗಳ ಸುಮಾರು 500 ಸಂಸ್ಥೆಗಳ ಹುಟ್ಟಿಗೆ ಇಲ್ಲವೇ ಬೆಳವಣಿಗೆಗೆ ನೆರವಾದ. ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಅವುಗಳಲ್ಲಿ ಎಷ್ಟೋ ಸಂಸ್ಥೆಗಳಿಗೆ ಈತ ಷೇರುದಾರ ಅಥವಾ ಸಲಹೆಗಾರ ಮಾತ್ರ. ಉದ್ದಕ್ಕೂ ಕೈಯಾರೆ ನಡೆಸಿದ್ದು ಮುಖ್ಯವಾಗಿ ಒಂದು ಬ್ಯಾಂಕನ್ನು.

ಹುಟ್ಟಿದ್ದು ಮುಸಾಶಿ ಪ್ರಾಂತ್ಯದ ಚಿಯಾರೈಜಿಮಾ ಹಳ್ಳಿಯಲ್ಲಿ (ಈಗಿನ ಸೈತಾಮಾ ಪ್ರಾಂತ್ಯದ ಫುಕಾಯಾ ನಗರ). ಬೇಸಾಯದ ಜೊತೆಗೆ ರೇಷ್ಮೆಹುಳು ಸಾಕಣೆ, ನೀಲಿ ಬಣ್ಣದ ಉಂಡೆಗಳ ತಯಾರಿಕೆ ಮತ್ತು ವ್ಯಾಪಾರ ಮನೆತನದ ಕಸುಬು. ಕನ್ಫ್ಯೂಷಿಯಸ್‌ನ ಉಪದೇಶಗಳನ್ನು ಸೋದರತ್ತೆಯ ಮಗ ಒದಾಕಾ ಅತ್ಸುತಾದಾನಿಂದ ಕಲಿತ. 1863ರಲ್ಲಿ ತಾಕಾಸಾಕಿ ಕೋಟೆಯನ್ನು ವಶಪಡಿಸಿಕೊಂಡು ಯೊಕೊಹಾಮಾದ ವಿದೇಶಿಯರ ಕೇರಿಗೆ ಬೆಂಕಿಯಿಡುವ ಸಂಚಿನಲ್ಲಿ ಸೇರಿದ್ದ. ಸಂಚನ್ನು ಕೈಗೂಡುವ ಮುನ್ನವೇ ಕೈಬಿಟ್ಟರು. ಮರುವರ್ಷ ಕ್ಯೋತೊದಲ್ಲಿ ಹಿತೊತ್ಸುಬಾಶಿ ಯೊಶಿನೊಬುವಿನ ಸೇವೆಗೆ ಸೇರಿದ. ಆತನೇ ಮುಂದೆ ಕೊನೆಯ ಶೋಗನ್ (ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಆದದ್ದರಿಂದ, ವಿದೇಶಿಯರನ್ನು ಓಡಿಸಬೇಕೆಂದಿದ್ದ ಈ ತರುಣ 1867ರಲ್ಲಿ ಶೋಗನ್ನನ ತಮ್ಮ ಅಕಿತಾಕೆಯ ಪರಿವಾರದ ಜೊತೆ ಪ್ಯಾರಿಸ್ಸಿನ ವಿಶ್ವ ಪ್ರದರ್ಶನಕ್ಕೆ ಹಡಗು ಹತ್ತಿದ. ಕೂಡು ಬಂಡವಾಳದ ಕಂಪನಿ, ಬ್ಯಾಂಕು, ಸಾಲಪತ್ರ ಇವೆಲ್ಲ ಹೇಗೆ ನಡೆಯುತ್ತವೆಂದು ಕಣ್ಣಾರೆ ಕಂಡದ್ದು ಅಲ್ಲಿ.

ಸರ್ಕಾರಿ ಸೇವೆ ಮತ್ತು ರಾಜೀನಾಮೆ

ಶೋಗನ್ನನ ಆಡಳಿತ ಕೊನೆಗೊಂಡ ಮೇಲೆ ಜಪಾನಿಗೆ ಮರಳಿದ ಈತ, 1869ರಲ್ಲಿ ಹಣಕಾಸು ಮಂತ್ರಾಲಯದ ಒಕುಮಾ ಶಿಗೆನೊಬುವಿನ ಒತ್ತಾಯದಿಂದ ಹೊಸ ಮೇಜಿ ಸರ್ಕಾರ ಸೇರಿ ಸುಧಾರಣಾ ವಿಭಾಗದ ಮುಖ್ಯಸ್ಥನಾದ. ತೆರಿಗೆ, ನಾಣ್ಯ, ಅಳತೆ, ಅಂಚೆ ಇವುಗಳ ಕರಡುಗಳು ಅಲ್ಲಿ ರೂಪುಗೊಂಡವು. ಅಮೆರಿಕದ ಮಾದರಿಯ 1872ರ ರಾಷ್ಟ್ರೀಯ ಬ್ಯಾಂಕ್ ಕಾಯಿದೆಯಲ್ಲಿ ಈತನ ಕೈ ದೊಡ್ಡದು. ಆದರೆ ಸೇನೆ, ನ್ಯಾಯ, ಶಿಕ್ಷಣ ಮಂತ್ರಾಲಯಗಳು ಕೇಳಿದಷ್ಟು ಹಣ ಬೊಕ್ಕಸದಲ್ಲಿರಲಿಲ್ಲ. ಆದಾಯ ಮೀರಿ ಖರ್ಚು ಸಲ್ಲದೆಂಬ ಹಠದಲ್ಲಿ ಸೋತು, 1873ರ ಮೇ ತಿಂಗಳಲ್ಲಿ ಮೇಲಧಿಕಾರಿ ಇನೌಎ ಕಾಒರು ಜೊತೆ ರಾಜೀನಾಮೆ ಕೊಟ್ಟ. ಆದಾಯ ನಾಲ್ಕು ಕೋಟಿ ಯೆನ್, ವೆಚ್ಚ ಐದು ಕೋಟಿ ಎಂದ ಇಬ್ಬರ ಮನವಿ ಪತ್ರಿಕೆಗಳಲ್ಲಿ ಹೊರಬಿತ್ತು. ಅದನ್ನು ಅಲ್ಲಗಳೆಯಲು ಸರ್ಕಾರ ತನ್ನ ಆಯವ್ಯಯದ ಅಂದಾಜನ್ನು ಪ್ರಕಟಿಸಬೇಕಾಯಿತು. ಜಪಾನಿನಲ್ಲಿ ಆಯವ್ಯಯ ಜನರ ಮುಂದೆ ಬಂದದ್ದು ಇದೇ ಮೊದಲು. ಈತನ ಸರ್ಕಾರಿ ಜೀವನದ ಅತ್ಯಂತ ದೊಡ್ಡ ಫಲ ಇದೇ ಎನ್ನಬಹುದು.

ಮೊದಲ ಬ್ಯಾಂಕು

ತಾನೇ ರೂಪಿಸಿದ ಕಾಯಿದೆಯಡಿ ಅದೇ ವರ್ಷ ತೆರೆದ ಪ್ರಥಮ ರಾಷ್ಟ್ರೀಯ ಬ್ಯಾಂಕಿನ ಮೇಲ್ವಿಚಾರಕನಾದ. ಅದರ ಬಂಡವಾಳದ ಬಹುಪಾಲು ಮಿತ್ಸುಯಿ ಮತ್ತು ಒನೊ ವರ್ತಕ ಮನೆತನಗಳದು. 1874ರಲ್ಲಿ ಸರ್ಕಾರ ತನ್ನ ಠೇವಣಿಗಳಿಗೆ ಹಠಾತ್ತನೆ ಪೂರ್ಣ ಭದ್ರತೆ ಕೇಳಿದಾಗ ಒನೊ ಮನೆತನ ದಿವಾಳಿಯಾಯಿತು. ಅದಕ್ಕೆ ಬ್ಯಾಂಕು ಕೊಟ್ಟಿದ್ದ ಸಾಲ ಬಂಡವಾಳದ ಅರ್ಧವನ್ನೂ ಮೀರಿತ್ತು. ಒನೊ ಮನೆತನದ ವ್ಯವಹಾರಸ್ಥ ಫುರುಕಾವಾ ಇಚಿಬೆಯಿ ತನ್ನ ಕೈಯಲ್ಲಿದ್ದ ಸರಕನ್ನು ತಾನಾಗಿ ಒಪ್ಪಿಸಿದ್ದರಿಂದ ಬ್ಯಾಂಕು ಉಳಿಯಿತು. ಬ್ಯಾಂಕು ಮಿತ್ಸುಯಿ ಪಾಲಾಗದಂತೆ ತಡೆದ ಶಿಬುಸಾವಾ, ಸರ್ಕಾರದ ಸಲಹೆಗಾರನಾಗಿದ್ದ ಬ್ರಿಟಿಷ್ ಬ್ಯಾಂಕರ್ ಅಲೆಕ್ಸಾಂಡರ್ ಅಲನ್ ಶಾಂಡ್‌ನಿಂದ ಲೆಕ್ಕ ತಪಾಸಣೆ ಮಾಡಿಸಿ, 1875ರಲ್ಲಿ ಅಧ್ಯಕ್ಷನಾದ. 1916ರವರೆಗೆ ಆ ಸ್ಥಾನದಲ್ಲಿದ್ದ. ಬ್ಯಾಂಕನ್ನು ಒಂದೇ ಮನೆತನದ ಸೊತ್ತಾಗಿಸದೆ ಹಲವರ ಹಣದ ಮೇಲೆ ನಿಲ್ಲಿಸಬೇಕೆಂಬ ನಂಬಿಕೆ ಈ ಗಂಡಾಂತರದಲ್ಲಿ ಗಟ್ಟಿಯಾಯಿತು. ಉದ್ಯಮದ ಒಡೆತನವನ್ನು ತನ್ನ ಮನೆತನದಲ್ಲೇ ಇಟ್ಟುಕೊಂಡ ಮಿತ್ಸುಬಿಷಿಯ ಸ್ಥಾಪಕ ಇವಾಸಾಕಿ ಯತಾರೊನಿಂದ ಈತ ಬೇರೆಯಾಗುವುದು ಇಲ್ಲಿಯೇ.

ಒಸಾಕಾ ನೂಲು, ಮುಂಬಯಿ ಹತ್ತಿ

ಸರ್ಕಾರ ಪ್ರೋತ್ಸಾಹಿಸಿದ ನೂಲಿನ ಗಿರಣಿಗಳು 2,000 ಕದಿರುಗಳವು. ನೀರಿನ ಬಲದಿಂದ ಓಡುತ್ತಿದ್ದವು, ಲಾಭವಿರಲಿಲ್ಲ. ಲಂಡನ್ನಿನಲ್ಲಿ ಓದುತ್ತಿದ್ದ ಯಮಾನೊಬೆ ತಾಕೆಒ ಎಂಬ ತರುಣನಿಗೆ ಶಿಬುಸಾವಾ ಬರೆದು, ಓದು ಬಿಟ್ಟು ಲ್ಯಾಂಕಶೈರಿನ ಗಿರಣಿಯಲ್ಲಿ ಕೆಲಸ ಕಲಿಯುವಂತೆ ಒಪ್ಪಿಸಿದ. 1883ರಲ್ಲಿ ಓಡತೊಡಗಿದ ಒಸಾಕಾ ನೂಲಿನ ಕಂಪನಿಯಲ್ಲಿ ಉಗಿಬಲದ 10,500 ಕದಿರುಗಳಿದ್ದವು. ಯಂತ್ರಗಳು ಓಲ್ಡಂನ ಪ್ಲಾಟ್ ಬ್ರದರ್ಸ್‌ನವು. ರಾತ್ರಿ ಪಾಳಿಯೂ ನಡೆಯುತ್ತಿತ್ತು. ಮೊದಲು ಸೀಮೆಎಣ್ಣೆ ದೀಪ, 1886ರಿಂದ ವಿದ್ಯುತ್ ದೀಪ. ಕೆಲಸಗಾರರಲ್ಲಿ ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು.

ಭಾರತದ ಹತ್ತಿ ಅಗ್ಗವಾದರೂ ಅದನ್ನು ತರುವ ಹಡಗುಗಳು ಪಿ ಅಂಡ್ ಓ, ಆಸ್ಟ್ರಿಯನ್ ಲಾಯ್ಡ್ ಮತ್ತು ಒಂದು ಇಟಾಲಿಯನ್ ಕಂಪನಿಯ ಕೂಟದ ಹಿಡಿತದಲ್ಲಿದ್ದವು. 1893ರಲ್ಲಿ ಜಪಾನಿಗೆ ಬಂದ ಜಮ್‌ಶೆಟ್‌ಜಿ ಟಾಟಾ ಇದನ್ನು ಮುರಿಯುವ ವಿಚಾರವನ್ನು ಶಿಬುಸಾವಾನ ಮುಂದಿಟ್ಟ. ನಿಪ್ಪೊನ್ ಯೂಸೆನ್ ಹಡಗು ಕಂಪನಿ ಮತ್ತು ಟಾಟಾ ಸೇರಿ ಹಡಗು ಬಿಡುವುದೆಂದೂ, ನೂಲಿನ ಗಿರಣಿಗಳ ಸಂಘ ತನ್ನ ಹತ್ತಿಯನ್ನು ಅವುಗಳಲ್ಲೇ ತರುವುದೆಂದೂ ಒಪ್ಪಂದವಾಯಿತು. ಸಂಘದ ಈ ಮಾತನ್ನು ಕೊಡಿಸಿದ್ದರಲ್ಲಿ ಶಿಬುಸಾವಾನ ಪಾತ್ರ ನಿರ್ಣಾಯಕ. 1893ರ ನವೆಂಬರ್ 7ರಂದು ಹಿರೊಶಿಮಾ ಮಾರು ಕೋಬೆಯಿಂದ ಮುಂಬಯಿಗೆ ಹೊರಟಿತು. ಕೂಟದ ಹಳೆಯ ದರ ಟನ್ನಿಗೆ 17 ರೂಪಾಯಿ ಎಂದು ಜಪಾನಿನ ಬರಹಗಳು ಹೇಳಿದರೆ, ಟಾಟಾ ಚರಿತ್ರೆಗಳು 19 ಎನ್ನುತ್ತವೆ. ಪೈಪೋಟಿಯಲ್ಲಿ ಕೂಟ ಅದನ್ನು ಎರಡು ರೂಪಾಯಿಗೂ ಕೆಳಕ್ಕೆ ಇಳಿಸಿತೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಭಾರತದ ವರ್ತಕರು ಅಗ್ಗದ ದರಕ್ಕೆ ತಿರುಗಿದ್ದರಿಂದ ಟಾಟಾ ಹಡಗುಗಳು ನಿಂತವು. ಜಪಾನಿನ ಗಿರಣಿಗಳು ಮಾತ್ರ ಹೆಚ್ಚು ಬಾಡಿಗೆ ತೆತ್ತೂ ಮಾತಿಗೆ ನಿಂತವು. 1896ರಲ್ಲಿ ಕೂಟವೇ ರಾಜಿಗೆ ಬಂತು. ಮರುವರ್ಷ ಜಪಾನಿನ ನೂಲಿನ ರಫ್ತು ಆಮದನ್ನು ಮೀರಿತು. ಚೀನಾ ಮಾರುಕಟ್ಟೆಯಲ್ಲಿ ಮುಂಬಯಿ ನೂಲನ್ನು ಮುಂದೆ ಬದಿಗೆ ಸರಿಸಿದ್ದು ಈ ನೂಲೇ. ಭಾರತ ಮತ್ತು ಜಪಾನಿನ ಗೆಳೆತನದ ಕಥೆಯಾಗಿ ಹೇಳುವ ಈ ಪ್ರಸಂಗದಲ್ಲಿ ಭಾರತದ ಗಿರಣಿಗಳಿಗಾದ ನಷ್ಟವನ್ನೂ ಬರೆಯಬೇಕು. ಜಪಾನಿನ ಸಂಪರ್ಕದ ಇನ್ನೊಂದು ಫಲ ಬೆಂಗಳೂರಿಗೆ ಸಿಕ್ಕಿತು. ಅದೇ ದಶಕದ ಕೊನೆಯ ವರ್ಷಗಳಲ್ಲಿ ಟಾಟಾ ಅಲ್ಲಿ ಜಪಾನೀ ತಜ್ಞರ ನೆರವಿನಿಂದ ರೇಷ್ಮೆ ಫಾರಂ ತೆರೆದ. ಆ ಬಡಾವಣೆಯನ್ನು ಜನ ಈಗಲೂ ಟಾಟಾ ಸಿಲ್ಕ್ ಫಾರಂ ಎಂದೇ ಕರೆಯುತ್ತಾರೆ.

ಇತರ ಕೆಲಸ, ಆಕ್ಷೇಪಗಳು

1878ರಲ್ಲಿ ಟೋಕಿಯೊ ವಾಣಿಜ್ಯ ಮಂಡಲಿಯ ಮೊದಲ ಅಧ್ಯಕ್ಷ. ಟೋಕಿಯೊದ ಬಡವರ, ಅನಾಥರ ಆಶ್ರಯಾಲಯವನ್ನು ಕೊನೆಯವರೆಗೂ ನಡೆಸಿದ. 1890ರಲ್ಲಿ ಮೇಲ್ಮನೆಗೆ ನೇಮಕಗೊಂಡು ಮರುವರ್ಷ ಬಿಟ್ಟ. 1901ರಲ್ಲಿ ಸಂಪುಟ ರಚಿಸಲು ಹೊರಟ ಇನೌಎ ಹಣಕಾಸು ಮಂತ್ರಿ ಪದವಿ ಕೊಡಲು ಬಂದಾಗ ಒಲ್ಲೆನೆಂದ. ಆ ಸಂಪುಟ ರಚನೆಯಾಗಲೇ ಇಲ್ಲ. 1909ರಲ್ಲಿ ಬಹುತೇಕ ಕಂಪನಿಗಳಿಂದ ನಿವೃತ್ತನಾಗಿ ಉದ್ಯಮಿಗಳ ನಿಯೋಗದೊಂದಿಗೆ ಅಮೆರಿಕಕ್ಕೆ ಹೋದ. 1916ರಲ್ಲಿ ಜಪಾನಿಗೆ ಬಂದ ರವೀಂದ್ರನಾಥ ಠಾಕೂರರು ಈತನ ಮನೆಗೆ ಭೇಟಿಯಿತ್ತರು. ಲಾಭವೂ ಧರ್ಮವೂ ಒಂದಕ್ಕೊಂದು ಎದುರಲ್ಲವೆಂಬ ಈತನ ಭಾಷಣಗಳ ಸಂಗ್ರಹ ಅದೇ ವರ್ಷ ಪ್ರಕಟವಾಯಿತು.

ಆ ಧರ್ಮ ಗಿರಣಿಯ ಹೆಣ್ಣುಮಕ್ಕಳನ್ನು ತಡವಾಗಿ ಮುಟ್ಟಿತು. 1896ರಲ್ಲಿ ಕಾರ್ಖಾನೆ ಕಾಯಿದೆಗೆ ಇನ್ನೂ ಕಾಲ ಬಂದಿಲ್ಲವೆಂದು ವಾದಿಸಿದ ಈತ, ನಿಲುವು ಬದಲಿಸಲು ವರ್ಷಗಳನ್ನೇ ತೆಗೆದುಕೊಂಡ. ಕೊರಿಯಾದಲ್ಲಿ ಈತನ ಬ್ಯಾಂಕು 1902ರಿಂದ ಈತನದೇ ಭಾವಚಿತ್ರವಿದ್ದ ನೋಟುಗಳನ್ನು ಹೊರಡಿಸಿತು. ಆ ದೇಶದ ಹಣವ್ಯವಸ್ಥೆ ಜಪಾನಿನ ಕೈಸೇರಲು ಅದು ದಾರಿಯಾಯಿತು. 2024ರ ಜುಲೈಯಲ್ಲಿ ಚಲಾವಣೆಗೆ ಬಂದ ಜಪಾನಿನ 10,000 ಯೆನ್ ನೋಟಿಗೆ ಈತನ ಚಿತ್ರವನ್ನು ಆರಿಸಿದ್ದು 2019ರಲ್ಲಿ ಪ್ರಕಟವಾದಾಗ ದಕ್ಷಿಣ ಕೊರಿಯಾದಲ್ಲಿ ಆಕ್ಷೇಪಗಳೆದ್ದದ್ದು ಈ ಕಾರಣಕ್ಕೆ.