ಆರ್‌ಸಿಯು: ಲಿನಕ್ಸ್ ಕರ್ನಲ್‌ನಲ್ಲಿ ಬೀಗವಿಲ್ಲದ ಓದು

ಹಲವು ಪ್ರೊಸೆಸರ್‌ಗಳು ಏಕಕಾಲಕ್ಕೆ ಮುಟ್ಟುವ ಕರ್ನಲ್ ದತ್ತಾಂಶ ಕೆಡದಂತೆ ಕಾಯುವ ತಂತ್ರಗಳಲ್ಲಿ ರೀಡ್-ಕಾಪಿ-ಅಪ್‌ಡೇಟ್ (ಆರ್‌ಸಿಯು) ಮುಖ್ಯವಾದುದು. ಲಿನಕ್ಸ್‌ನಲ್ಲಿ ಇದು ನೆಲೆಯೂರುವುದಕ್ಕೆ ಬೆಂಗಳೂರಿನ ಎಂಜಿನಿಯರ್‌ಗಳು ಬಹಳ ದುಡಿದಿದ್ದಾರೆ.

1996ರ ಲಿನಕ್ಸ್ 2.0 ಬಹುಪ್ರೊಸೆಸರ್ ಯಂತ್ರಗಳಿಗೆ ಬಂದಾಗ ಇಡೀ ಕರ್ನಲ್‌ಗೆ ಒಂದೇ ಬೀಗವಿತ್ತು: ಬಿಗ್ ಕರ್ನಲ್ ಲಾಕ್. ಕ್ರಮೇಣ ಅದರ ಕೆಲಸ ಸಣ್ಣ ಸಣ್ಣ ಲಾಕ್‌ಗಳಿಗೆ ಹಂಚಿಹೋಯಿತು. 2011ರಲ್ಲಿ ಅದು ಪೂರ್ತಿ ಮರೆಯಾಯಿತು. ಆದರೆ ಸಣ್ಣ ಲಾಕ್ ಕೂಡ ಪುಕ್ಕಟೆಯಲ್ಲ. ಬರೀ ಓದಲು ಬಂದವರೂ ಅದರ ಮೇಲೆ ಬರೆಯಲೇಬೇಕು. ಹಾಗಾಗಿ ಆ ಲಾಕ್ ಇರುವ ಕ್ಯಾಶ್ ಲೈನ್ ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಅಲೆಯುತ್ತಲೇ ಇರುತ್ತದೆ.

ಆರ್‌ಸಿಯು ಓದುವವರನ್ನು ತಡೆಯುವುದಿಲ್ಲ. ಪುಣೆಯ ಸ್ವಾರಗೇಟ್ ನಿಲ್ದಾಣದಲ್ಲಿ ಬಸ್ಸಿನ ಸಮಯ ಬದಲಾಯಿತೆನ್ನಿ. ಜನ ನೋಡುತ್ತಿರುವ ಹಲಗೆಯನ್ನೇ ಅಳಿಸಿ ತಿದ್ದುವ ಬದಲು ಹೊಸ ಹಲಗೆ ಬರೆದು ತೂಗುಹಾಕಿ, ಹಳೆಯದನ್ನು ಓದುತ್ತಿದ್ದವರೆಲ್ಲ ಹೊರಟ ಮೇಲೆ ಅದನ್ನು ತೆಗೆದರಾಯಿತು. ಎಲ್ಲರೂ ಹೊರಟರೆಂದು ತಿಳಿಯುವುದು ಹೇಗೆ ಎಂಬುದೇ ಇಲ್ಲಿನ ನಿಜವಾದ ಜಾಣ್ಮೆ. ಮೂಲ ವಿಧಾನದಲ್ಲಿ, ಓದುವ ಕೋಡ್ ನಡುವೆ ನಿದ್ರಿಸುವಂತಿಲ್ಲ. ಆದ್ದರಿಂದ ಪ್ರತಿಯೊಂದು ಪ್ರೊಸೆಸರೂ ಒಮ್ಮೆ ಕೆಲಸ ಬದಲಿಸಿತೆಂದರೆ ಹಳೆಯ ಓದುಗರು ಯಾರೂ ಉಳಿದಿಲ್ಲವೆಂದೇ ಅರ್ಥ. ಈ ಕಾಯುವಿಕೆಗೆ ‘ಗ್ರೇಸ್ ಪೀರಿಯಡ್’ ಎನ್ನುತ್ತಾರೆ.

ಸೀಕ್ವೆಂಟ್ ಕಂಪನಿಯ ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ ಈ ತಂತ್ರಕ್ಕೆ 1993ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1999ರಲ್ಲಿ ಸೀಕ್ವೆಂಟನ್ನು ಐಬಿಎಂ ಕೊಂಡಿತು. 2001ರ ಒಟ್ಟಾವಾ ಲಿನಕ್ಸ್ ಸಿಂಪೋಸಿಯಮ್‌ನ ಆರ್‌ಸಿಯು ಪ್ರಬಂಧದ ಲೇಖಕರಲ್ಲಿ ಐಬಿಎಂನ ಬೆಂಗಳೂರು ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ ಇದ್ದರು. ಪೈಪೋಟಿಗಿದ್ದ ಹಲವು ರೂಪಗಳಲ್ಲಿ ಶರ್ಮಾ ಅವರದ್ದು 2002ರ ಅಕ್ಟೋಬರ್‌ನಲ್ಲಿ 2.5.43 ಆವೃತ್ತಿಯೊಳಗೆ ಬಂತು.

ಹಂಚಿಕೊಂಡ ದತ್ತಾಂಶದಲ್ಲಿ ಆರ್‌ಸಿಯು ಬಳಕೆಗೆ ಅತ್ಯಂತ ಸ್ಪಷ್ಟ ನಿದರ್ಶನ, ತೆರೆದ ಫೈಲ್‌ಗಳನ್ನು ತೋರಿಸುವ ಫೈಲ್ ಡಿಸ್ಕ್ರಿಪ್ಟರ್ ಪಟ್ಟಿ. ಒಂದು ಪ್ರೋಗ್ರಾಮಿನ ಥ್ರೆಡ್‌ಗಳೆಲ್ಲ ಈ ಪಟ್ಟಿಯನ್ನು ಹಂಚಿಕೊಳ್ಳುತ್ತವೆ; ಹಿಂದೆ ಫೈಲ್ ಹುಡುಕಲೂ ಅವು ಒಂದೇ ಲಾಕ್‌ಗೆ ಮುಗಿಬೀಳುತ್ತಿದ್ದವು. 2005ರ 2.6.14ರಲ್ಲಿ ಶರ್ಮಾ ಈ ಹುಡುಕಾಟವನ್ನು ಲಾಕ್‌ನಿಂದ ಬಿಡಿಸಿದರು. ತೊಡಕು ಇದ್ದದ್ದು ಪಟ್ಟಿ ಬೆಳೆಯುವಾಗ: ಓದುವವನಿಗೆ ಹೊಸ ಅಳತೆಯ ಜೊತೆ ಹಳೆಯ ಪಟ್ಟಿ ಸಿಕ್ಕರೆ ಅವನು ಪಟ್ಟಿಯ ಆಚೆಗೆ ಕೈಹಾಕುತ್ತಾನೆ. ಅದಕ್ಕಾಗಿ ಅಳತೆ, ಪಟ್ಟಿ ಎರಡನ್ನೂ ‘ಎಫ್‌ಡಿಟೇಬಲ್’ ಎಂಬ ಒಂದೇ ರಚನೆಯಲ್ಲಿಟ್ಟು, ಒಂದೇ ಪಾಯಿಂಟರ್ ಬದಲಿಸಿದರೆ ಎರಡೂ ಒಟ್ಟಿಗೆ ಬದಲಾಗುವಂತೆ ಮಾಡಿದರು. ಹುಡುಕುವಷ್ಟರಲ್ಲಿ ಇನ್ನೊಂದು ಥ್ರೆಡ್ ಫೈಲನ್ನು ಮುಚ್ಚಿಬಿಟ್ಟಿದ್ದರೆ? ಫೈಲಿನ ಬಳಕೆಯ ಎಣಿಕೆ ಸೊನ್ನೆಯಾಗಿಲ್ಲದಿದ್ದರೆ ಮಾತ್ರ ಒಂದು ಕೂಡಿಸಿ ಫೈಲನ್ನು ಹಿಡಿಯಬೇಕು. ಸೊನ್ನೆಯಾಗಿದ್ದರೆ ಫೈಲ್ ಇಲ್ಲವೆಂದೇ ಲೆಕ್ಕ. ಲಾಕ್ ಮಾಡುತ್ತಿದ್ದ ಕೆಲಸವನ್ನು ಇಷ್ಟು ಮಿತವಾಗಿ ಮುಗಿಸಿದ ಕೋಡ್ ಕರ್ನಲ್‌ನಲ್ಲಿ ಅಪರೂಪ.

ಓದುವ ಕೋಡನ್ನು ನಡುವೆ ನಿಲ್ಲಿಸಿ ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಕೊಡಲು ಬಿಡುವ ಆರ್‌ಸಿಯು 2008ರ 2.6.25ರಲ್ಲಿ ಬಂತು. ಅದರಲ್ಲಿ ಮೆಕೆನ್ನಿ, ಶರ್ಮಾ ಅವರೊಂದಿಗೆ ಬೆಂಗಳೂರಿನ ಗೌತಮ್ ಶೆಣೈ ಕೂಡ ಕೆಲಸ ಮಾಡಿದ್ದರು.