ರೋಗಿಯ ಮಾತೇ ಅಳತೆಯಾದ ಬಗೆ

1949ರಲ್ಲಿ ಅಮೆರಿಕದ ವೈದ್ಯರಾದ ಕಾರ್ನೋಫ್‌ಸ್ಕಿ ಮತ್ತು ಬರ್ಚೆನಲ್ ಪ್ರಕಟಿಸಿದ ಅಳತೆಗೋಲಿನಲ್ಲಿ 0 ಎಂದರೆ ಮರಣ, 100 ಎಂದರೆ ಪೂರ್ಣ ಸ್ವಾಸ್ಥ್ಯ. ಕ್ಯಾನ್ಸರ್ ರೋಗಿಯು ದುಡಿಯಬಲ್ಲನೇ, ತನ್ನ ಆರೈಕೆ ತಾನೇ ಮಾಡಿಕೊಳ್ಳಬಲ್ಲನೇ ಎಂದು ನೋಡಿ ವೈದ್ಯರೇ ಅಂಕವಿಡುತ್ತಿದ್ದರು. ದುಡಿಮೆಯಿಂದ ಮನುಷ್ಯನ ಬೆಲೆ ಕಟ್ಟುವ ಈ ರೂಢಿ ನಮ್ಮ ಸಭೆಗಳಿಗೂ ಅಪರಿಚಿತವೇನಲ್ಲ. 1993ರಲ್ಲಿ ಡೇವಿಡ್ ಸೆಲ್ಲಾ ಮತ್ತು ಸಂಗಡಿಗರ ಪ್ರಶ್ನಾವಳಿಯು ರೋಗಿಯ ಉತ್ತರವನ್ನೇ ಆಧಾರವಾಗಿಸಿಕೊಂಡಿತು. ಆತ್ಮಿಕ ನೆಮ್ಮದಿಯ ಪ್ರಶ್ನೆಗಳು ಮಾತ್ರ ಮುಂದೆ ಪ್ರತ್ಯೇಕವಾಗಿ ಸೇರಿದವು. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 136 ಮಂದಿ ಉಲ್ಬಣಿತ ಕ್ಯಾನ್ಸರ್ ರೋಗಿಗಳನ್ನು ಇದೇ ಪ್ರಶ್ನಾವಳಿಯಿಂದ ಅಳೆಯಿತು. ಅಲ್ಲಿಯೇ ಉಪಶಮನ ಆರೈಕೆಯ ತಜ್ಞರನ್ನು ಕರೆಸಲಾದವರ ಅಂಕ 12 ವಾರಗಳಲ್ಲಿ ಇತರರಿಗಿಂತ ಹೆಚ್ಚು ಏರಿತ್ತು. ಉತ್ತರಿಸಲಾರದಷ್ಟು ಬಳಲಿದವರು ಇಂಥ ಲೆಕ್ಕಕ್ಕೆ ಬರುವುದಿಲ್ಲ. ಆಸ್ಪತ್ರೆಗೆ ಪ್ರಾರ್ಥಿಸಲು ಹೋಗುವ ನಾವು ಎದುರುಗೊಳ್ಳುವುದು ಬಹುಮಟ್ಟಿಗೆ ಅವರನ್ನೇ.