ಸಂಬಳ ಜಾಸ್ತಿ ಕೇಳಿದ ಹಾಡುಗಾರ್ತಿ

ಅಪ್ರೈಸಲ್ ಸೀಸನ್ ಬಂದಾಗಲೆಲ್ಲ ನನಗೆ ಜೆಸ್ಸಿ ಬಾಂಡ್ ನೆನಪಾಗ್ತಾಳೆ. ನೂರಮೂವತ್ತು ವರ್ಷಕ್ಕೂ ಹಿಂದೆ ಲಂಡನ್ನಿನ ಕಾಮಿಕ್ ಆಪೆರಾಗಳಲ್ಲಿ ಹಾಡಿ, ಕುಣಿದು, ಜನರನ್ನು ನಗಿಸಿದವಳು. ಅವಳ ಪಾತ್ರಗಳಿಗಿಂತ ನನಗೆ ಇಷ್ಟ ಅವಳು ನಡೆಸಿದ ಒಂದು ಸಂಬಳದ ಜಗಳ. ಅದು ಯಾಕೆ ದೊಡ್ಡದು ಅಂತ ಗೊತ್ತಾಗಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹುಟ್ಟಿದ್ದು 1853ರಲ್ಲಿ, ಲಂಡನ್ನಿನಲ್ಲಿ. ಬೆಳೆದದ್ದು ಲಿವರ್‌ಪೂಲ್‌ನಲ್ಲಿ. ಹದಿಹರೆಯದಲ್ಲೇ ಒಬ್ಬ ಸಂಗೀತಗಾರನ ಜೊತೆ ಮದುವೆ. ಅವನು ಹಿಂಸೆ ಕೊಡ್ತಿದ್ದ. ವರ್ಷ ತುಂಬುವ ಮೊದಲೇ ತವರಿಗೆ ವಾಪಸ್ ಬಂದಳು. ಹುಟ್ಟಿದ ಮಗು ಶೈಶವದಲ್ಲೇ ತೀರಿಹೋಯಿತು. 1874ರಲ್ಲಿ ವಿಚ್ಛೇದನವಾಯಿತು. ಆಗಿನ ಇಂಗ್ಲಿಷ್ ಕಾನೂನು ಹೇಗಿತ್ತು ನೋಡಿ: ಹೆಂಡತಿಯ ವ್ಯಭಿಚಾರ ಸಾಬೀತಾದರೆ ಗಂಡನಿಗೆ ವಿಚ್ಛೇದನ ಸಿಗ್ತಿತ್ತು. ಹೆಂಡತಿಗೆ ಮಾತ್ರ ಅಷ್ಟು ಸಾಲದು, ಅದರ ಜೊತೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಮದುವೆಯಾದ ಹೆಣ್ಣು ದುಡಿದ ಕೂಲಿ ಅವಳದ್ದೇ ಅಂತ ಕಾನೂನು ಒಪ್ಪಿದ್ದೇ 1870ರಲ್ಲಿ. ಇಂಥ ಕಾಲದಲ್ಲಿ ಸಂಬಳ ಅಂದ್ರೆ ಬರೀ ದುಡ್ಡಲ್ಲ, ಇನ್ನೊಬ್ಬರ ಕೈ ಕಾಯದೆ ಬದುಕುವ ದಾರಿ.

ಕಛೇರಿಗಳಲ್ಲಿ ಹಾಡಿ ಜೀವನ ನಡೆಸುತ್ತಿದ್ದ ಅವಳನ್ನು 1878ರಲ್ಲಿ ರಿಚರ್ಡ್ ಡಾಯ್ಲಿ ಕಾರ್ಟ್ ನಾಟಕಕ್ಕೆ ಕರೆದ. ಸಾಹಿತ್ಯ ಗಿಲ್ಬರ್ಟ್‌ದು, ಸಂಗೀತ ಸಲಿವನ್‌ದು, ನಾಟಕ ‘ಎಚ್.ಎಂ.ಎಸ್. ಪಿನಾಫೋರ್’. ಮಾತಾಡಿ ಅಭಿನಯಿಸಿ ಅಭ್ಯಾಸವೇ ಇರಲಿಲ್ಲ, ಹಾಗಾಗಿ ಅವಳ ಪಾತ್ರದ ಸಂಭಾಷಣೆಗೆ ಕತ್ತರಿ ಬಿತ್ತು. ನಾಟಕ ಭರ್ಜರಿಯಾಗಿ ಓಡಿತು. ಅಲ್ಲಿಂದ ಮುಂದೆ ಈ ಜೋಡಿಯ ಒಂದೊಂದು ಆಪೆರಾದಲ್ಲೂ ಅವಳ ಪಾತ್ರ ಬೆಳೀತಾ ಹೋಯಿತು. 1882ರ ‘ಅಯೊಲ್ಯಾಂಥೆ’ಯಲ್ಲಿ ಶೀರ್ಷಿಕೆಯ ಪಾತ್ರವೇ ಅವಳದ್ದು.

1885ರ ‘ಮಿಕಾಡೊ’ದಲ್ಲಿ ಮೂವರು ಹುಡುಗಿಯರು ಒಟ್ಟಿಗೆ ಬಂದು ಹಾಡುತ್ತಾರೆ, ಮೂವರದ್ದೂ ಒಂದೇ ಥರದ ಜಪಾನಿ ಉಡುಪು. ಜೆಸ್ಸಿ ಏನು ಮಾಡಿದಳು ಗೊತ್ತಾ? ಬಟ್ಟೆ ಹೊಲಿಯುವವರಿಗೆ ಹೇಳಿ ತನ್ನ ಸೊಂಟಪಟ್ಟಿಯ ಹಿಂದಿನ ಗಂಟನ್ನು ಮಾತ್ರ ದೊಡ್ಡದು ಮಾಡಿಸಿಕೊಂಡಳು. ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ಅದನ್ನು ಕುಣಿಸಿದಾಗ ಥಿಯೇಟರ್ ಪೂರ್ತಿ ನಗು. ಗಿಲ್ಬರ್ಟ್ ಮಹಾ ಶಿಸ್ತಿನ ಮನುಷ್ಯ. ಪುಟಾಣಿ ರಂಗಮಂದಿರದ ಮಾದರಿ ಇಟ್ಟುಕೊಂಡು, ಮರದ ತುಂಡುಗಳನ್ನು ಸರಿಸಿ ಸರಿಸಿ, ಯಾರು ಎಲ್ಲಿ ನಿಲ್ಲಬೇಕು ಅಂತ ಮೊದಲೇ ಲೆಕ್ಕ ಹಾಕುತ್ತಿದ್ದವನು. ಆದರೆ ಗಂಟಿನ ಲೆಕ್ಕ ಅವನದ್ದಲ್ಲ. ‘ಮಿಕಾಡೊ’ 672 ಪ್ರದರ್ಶನ ಕಂಡಿತು.

ಈಗ ಜಗಳಕ್ಕೆ ಬರೋಣ. 1889, ‘ಗೊಂಡೋಲಿಯರ್ಸ್’ ತಯಾರಾಗ್ತಿತ್ತು. ವಾರಕ್ಕೆ 20 ಪೌಂಡ್ ಇದ್ದದ್ದು 30 ಆಗದೆ ಪಾತ್ರ ಮಾಡಲ್ಲ ಅಂತ ಜೆಸ್ಸಿ ಪಟ್ಟು ಹಿಡಿದಳು. ಗಿಲ್ಬರ್ಟ್ ಕೊಡಕೂಡದು ಅಂದ. ಕೊನೆಗೆ ಕಂಪನಿ ಒಪ್ಪಿತು. ಆದರೆ ರಿಹರ್ಸಲ್‌ನಲ್ಲಿ ಗಿಲ್ಬರ್ಟ್ ಅವಳ ಜೊತೆ ಮಾತು ಬಿಟ್ಟ. ಬಾಯಿ ತೆರೆದರೆ ಒಂದೇ ಕುಹಕ: ದುಬಾರಿ ಸಂಬಳದ ಕಲಾವಿದೆಗೆ ದಾರಿ ಬಿಡಿ ಅಂತ. ತಮಾಷೆ ಅಂದ್ರೆ, ಆ ಆಪೆರಾದ ಕಥೆಯೇ ಎಲ್ಲರೂ ಸಮಾನರು ಎನ್ನುವ ರಾಜ್ಯದ್ದು.

ಇನ್ನೂ ದೊಡ್ಡ ತಮಾಷೆ ಮುಂದಿದೆ. ಕೆಲವೇ ತಿಂಗಳಲ್ಲಿ ಅದೇ ಗಿಲ್ಬರ್ಟ್, ಥಿಯೇಟರಿನ ರತ್ನಗಂಬಳಿಯ ಖರ್ಚು ತನ್ನ ಪಾಲಿನ ಲೆಕ್ಕಕ್ಕೂ ಬಿದ್ದಿದೆ ಅಂತ ಕಾರ್ಟ್ ಮೇಲೆ ಹರಿಹಾಯ್ದು ಕೋರ್ಟಿಗೆ ಹೋದ. ಸಲಿವನ್ ಜೊತೆಗಿನ ಜೋಡಿ ಮುರಿದೇ ಹೋಯಿತು. ನಂತರ ಮತ್ತೆ ಒಂದಾದರೂ ಹಳೆಯ ಯಶಸ್ಸು ಬರಲಿಲ್ಲ. ತನ್ನ ದುಡ್ಡಿನ ವಿಷಯ ಬಂದಾಗ ಅದು ತತ್ವದ ಪ್ರಶ್ನೆ, ನಟಿ ಕೇಳಿದಾಗ ದುರಾಸೆ. ಈ ಲೆಕ್ಕ ನಮ್ಮ ಮೀಟಿಂಗ್ ರೂಮುಗಳಲ್ಲೂ ಪೂರ್ತಿ ಹೋಗಿಲ್ಲ, ಅಲ್ವಾ?

ಜೆಸ್ಸಿ 1897ರಲ್ಲಿ ಮತ್ತೆ ಮದುವೆಯಾಗಿ ರಂಗಭೂಮಿ ಬಿಟ್ಟಳು, 1942ರವರೆಗೆ ಬದುಕಿದ್ದಳು. 1930ರಲ್ಲಿ ಆತ್ಮಕಥೆ ಬಂತು. ಸಂಬಳ ಕೇಳಿದ್ದನ್ನು ಅವಳು ಮುಚ್ಚಿಡಲಿಲ್ಲ. ಗಿಲ್ಬರ್ಟ್ ಆಡಿದ ಕುಹಕವನ್ನೂ ತಾನೇ ಬರೆದಿಟ್ಟಳು. ನಾನದನ್ನು ಅವಳು ಪಡೆದ ಬಿರುದು ಅಂತಲೇ ಓದ್ತೀನಿ.